ತೆಳ್ಳನೆ ವೈರ್, ಹಸಿರು ಬೆಂಕಿ

ಆಯುಧಪೂಜೆಗೆ ಮನೆ ಗುಡಿಸಿ ಸಾರಿಸಲು ಶುರು ಮಾಡಿದರೆ ಮೈಸೂರಿನ ಹೆಚ್ಚಿನ ಮನೆಗಳಲ್ಲಿ ಒಂದು ವೈರಿನ ಗಂಟು ಸಿಕ್ಕೇ ಸಿಗುತ್ತದೆ. ಸಣ್ಣ ಪಿನ್ನಿನ ಹಳೇ ನೋಕಿಯಾ ಚಾರ್ಜರ್, ಒಂದೇ ಕಿವಿಗೆ ಕೇಳಿಸುವ ಇಯರ್‌ಫೋನ್, ಯಾವುದರದ್ದೆಂದು ಯಾರಿಗೂ ನೆನಪಿಲ್ಲದ ಅಡಾಪ್ಟರ್. ಬಿಸಾಡಲು ಮನಸ್ಸು ಬರಲ್ಲ, ಇಟ್ಟುಕೊಂಡು ಏನು ಮಾಡಬೇಕೋ ಗೊತ್ತಿಲ್ಲ. ಕೊನೆಗೆ ಹಳೇ ಪೇಪರ್ ಜೊತೆ ಗುಜರಿಗೆ ಹೋಗುತ್ತದೆ, ಇಲ್ಲವೇ ಬೆಳಗಿನ ಕಸದ ಗಾಡಿಗೆ.

ಗುಜರಿಗೆ ಹಾಕಿದರೆ ತಪ್ಪೇನು? ಒಳಗಿರುವುದು ತಾಮ್ರ, ಅದನ್ನು ಯಾರು ತಾನೇ ಹಾಳು ಮಾಡುತ್ತಾರೆ? ಈ ಮಾತು ನಿಜ. ತಾಮ್ರವನ್ನು ಎಷ್ಟು ಸಲ ಕರಗಿಸಿ ಶುದ್ಧ ಮಾಡಿದರೂ ಅದರ ಗುಣ ಕೆಡುವುದಿಲ್ಲ. ಗಣಿಯ ಅದಿರಿನಲ್ಲಾದರೆ ಈಗ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲು ತಾಮ್ರವೂ ಇರುವುದಿಲ್ಲ. 2018ರಲ್ಲಿ ತಮಿಳುನಾಡಿನ ತೂತ್ತುಕುಡಿಯ ದೊಡ್ಡ ತಾಮ್ರದ ಕಾರ್ಖಾನೆ ಮುಚ್ಚಿದ ಮೇಲೆ, ತಾಮ್ರವನ್ನು ಹೊರಗೆ ಮಾರುತ್ತಿದ್ದ ನಮ್ಮ ದೇಶ ಹೊರಗಿನಿಂದ ತರಿಸುವ ದೇಶವಾಯಿತು. ಹಾಗಾಗಿ ಹಳೇ ವೈರಿಗೆ ಗಿರಾಕಿ ಯಾವತ್ತೂ ಇದ್ದಾರೆ.

ತೊಂದರೆ ಇರುವುದು ತಾಮ್ರದಲ್ಲಲ್ಲ, ಅದರ ಮೇಲಿನ ಸಿಪ್ಪೆಯಲ್ಲಿ.

ಕೆಟ್ಟುಹೋದ ಒಂದು ಯುಎಸ್‌ಬಿ ಕೇಬಲ್ಲನ್ನು ಉದ್ದಕ್ಕೆ ಸೀಳಿ ನೋಡಿ. ಮೊದಲು ದಪ್ಪನೆ ಹೊರ ಸಿಪ್ಪೆ. ಚೆನ್ನಾಗಿ ಮಾಡಿದ ಕೇಬಲ್ ಆದರೆ ಅದರ ಕೆಳಗೆ ಬೆಳ್ಳಿ ಬಣ್ಣದ ಹಾಳೆ, ಹೆಣೆದ ತಂತಿ. ಒಳಗೆ ಕೆಂಪು, ಕಪ್ಪು, ಹಸಿರು, ಬಿಳಿ ಬಣ್ಣದ ನಾಲ್ಕು ವೈರ್. ಕೆಂಪು ಕಪ್ಪು ಕರೆಂಟಿಗೆ, ಹಸಿರು ಬಿಳಿ ಮಾಹಿತಿಗೆ. ಒಂದೊಂದಕ್ಕೂ ಮತ್ತೆ ಅದರದೇ ಸಿಪ್ಪೆ. ಅದನ್ನೂ ಬಿಡಿಸಿದ ಮೇಲೆ ಸಿಗುವುದು ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ದಪ್ಪದ ಕೆಲವು ಎಳೆಗಳು. ಎಷ್ಟೋ ಅಗ್ಗದ ಕೇಬಲ್‌ಗಳಲ್ಲಿ ಅದೂ ಪೂರ್ತಿ ತಾಮ್ರವಲ್ಲ, ಅಲ್ಯೂಮಿನಿಯಂ ಮೇಲೆ ತಾಮ್ರದ ತೆಳು ಲೇಪ. ಇಯರ್‌ಫೋನ್ ವೈರಂತೂ ಇನ್ನೂ ರಗಳೆ. ಬಣ್ಣದ ವಾರ್ನಿಷ್ ಹಚ್ಚಿದ ಎಳೆಗಳನ್ನು ನೂಲಿನ ಜೊತೆ ಸೇರಿಸಿ ಹೊಸೆದಿರುತ್ತಾರೆ.

ಮನೆ ವೈರಿಂಗಿನ ದಪ್ಪ ವೈರ್ ಆದರೆ ಬ್ಲೇಡಿನಲ್ಲಿ ಸೀಳಿ ತಾಮ್ರ ಎಳೆದುಕೊಳ್ಳಬಹುದು. ಸುಡದ ತಾಮ್ರಕ್ಕೆ ರೇಟೂ ಜಾಸ್ತಿ. ಚಾರ್ಜರ್ ವೈರನ್ನು ಹಾಗೆ ಸುಲಿಯುತ್ತಾ ಕೂತರೆ ದಿನದ ಕೂಲಿಯೂ ಗಿಟ್ಟುವುದಿಲ್ಲ. ಆಗ ಉಳಿಯುವ ಸುಲಭದ ದಾರಿ ಬೆಂಕಿ. ಅಂದರೆ ಸುಟ್ಟುಹೋಗುವ ಸಂಭವ ಜಾಸ್ತಿ ಇರುವುದು ನಮ್ಮ ಡ್ರಾಯರಿನಲ್ಲಿರುವ ತೆಳ್ಳನೆ ವೈರಿಗೇ.

ಸಿಪ್ಪೆ ಹೆಚ್ಚಾಗಿ ಪಿವಿಸಿ ಎಂಬ ಪ್ಲಾಸ್ಟಿಕ್. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ, ಸುಮಾರು ಶೇ. 57, ಕ್ಲೋರಿನ್. ಸುಟ್ಟರೆ ಮೊದಲು ಹೊರಡುವುದು ಕಣ್ಣು ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್. ಇಂಥ ಬೆಂಕಿಯ ಜ್ವಾಲೆ ಕೆಲವೊಮ್ಮೆ ಹಸಿರಾಗಿ ಕಾಣುತ್ತದೆ. ಬಿಸಿ ತಾಮ್ರಕ್ಕೆ ಕ್ಲೋರಿನ್ ಸೇರಿದಾಗ ಬರುವ ಬಣ್ಣ ಅದು. ಒಂದು ವಸ್ತುವಿನಲ್ಲಿ ಕ್ಲೋರಿನ್ ಇದೆಯೇ ಎಂದು ತಿಳಿಯಲು ಬೈಲ್‌ಸ್ಟೈನ್ ಎಂಬ ರಸಾಯನ ವಿಜ್ಞಾನಿ 1872ರಲ್ಲಿ ಹೇಳಿಕೊಟ್ಟ ಪರೀಕ್ಷೆ ನಿಂತಿರುವುದೇ ಈ ಹಸಿರಿನ ಮೇಲೆ. ಮನೆಯಲ್ಲಿ ಮಾಡಿ ನೋಡುವ ಪ್ರಯೋಗ ಖಂಡಿತ ಅಲ್ಲ.

ಯಾಕೆಂದರೆ ಅದೇ ಹೊಗೆಯಲ್ಲಿ ಡಯಾಕ್ಸಿನ್ ಎಂಬ ಕಡು ವಿಷಗಳೂ ಹುಟ್ಟುತ್ತವೆ. ಹೊಗೆ ತಣ್ಣಗಾಗುತ್ತಾ ಸುಮಾರು 200ರಿಂದ 400 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಹೊತ್ತು ಇವಕ್ಕೆ ಹೇಳಿ ಮಾಡಿಸಿದ್ದು. ಈ ಕ್ರಿಯೆಯನ್ನು ಚುರುಕು ಮಾಡುವ ವೇಗವರ್ಧಕಗಳಲ್ಲಿ ತಾಮ್ರಕ್ಕೆ ಮೊದಲ ಸಾಲಿನ ಜಾಗ. ಕ್ಲೋರಿನ್, ಇಂಗಾಲ, ತಾಮ್ರ, ಅರೆಬರೆ ಉರಿ: ವೈರಿನ ರಾಶಿಯಲ್ಲಿ ಬೇಕಾದ್ದೆಲ್ಲ ಒಟ್ಟಿಗೇ ಇದೆ. ಬೇಗ ಕರಗಿಹೋಗದ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡ 2001ರ ಸ್ಟಾಕ್‌ಹೋಮ್ ಒಪ್ಪಂದ ಡಯಾಕ್ಸಿನ್ ಹುಟ್ಟುವ ಮೂಲಗಳ ಪಟ್ಟಿಯಲ್ಲಿ ತಾಮ್ರದ ಕೇಬಲ್ ಸುಡುವುದನ್ನು ಪ್ರತ್ಯೇಕವಾಗಿಯೇ ಹೆಸರಿಸಿದೆ.

ಡಯಾಕ್ಸಿನ್ ನೀರಿನಲ್ಲಿ ಕರಗಲ್ಲ, ಕೊಬ್ಬಿನಲ್ಲಿ ಕೂರುತ್ತದೆ. ಊರಾಚೆ ಖಾಲಿ ಸೈಟಿನಲ್ಲಿ ವೈರ್ ಸುಟ್ಟರೆ ಮಸಿ ಬೀಳುವುದು ಪಕ್ಕದ ಹುಲ್ಲಿನ ಮೇಲೆ. ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿನ ಕೊಬ್ಬಿಗೆ. ಮನೆಮನೆಯಲ್ಲಿ ಹಸು ಕಟ್ಟುವ ಮಂಡ್ಯ ಕಡೆಯವರಿಗೆ ಈ ದಾರಿಯನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಮೈಯೊಳಗೆ ಸೇರಿದರೆ ಅದು ಅರ್ಧಕ್ಕೆ ಇಳಿಯಲು 7ರಿಂದ 11 ವರ್ಷ ಬೇಕು.

ಬೆಂಕಿಯಿಲ್ಲದ ದಾರಿ ಇದೆ, ಅದು ಅಂಥ ಕಷ್ಟದ್ದೂ ಅಲ್ಲ. ಯಂತ್ರದಲ್ಲಿ ವೈರನ್ನು ಸಿಪ್ಪೆ ಸಮೇತ ಸಣ್ಣ ಕಾಳಿನಷ್ಟು ಕತ್ತರಿಸುತ್ತಾರೆ. ಕಬ್ಬಿಣವಿದ್ದರೆ ಅಯಸ್ಕಾಂತ ಎಳೆದುಕೊಳ್ಳುತ್ತದೆ. ಉಳಿದದ್ದು ಅದುರುವ ಮೇಜಿನ ಮೇಲೆ ಬೀಳುತ್ತದೆ, ಕೆಳಗಿನಿಂದ ಗಾಳಿ ಊದುತ್ತದೆ. ತಾಮ್ರ ನೀರಿಗಿಂತ ಸುಮಾರು 9 ಪಟ್ಟು ಭಾರ, ಪಿವಿಸಿ ಒಂದೂವರೆ ಪಟ್ಟಿನ ಹತ್ತಿರ. ಮೊರದಲ್ಲಿ ರಾಗಿ ಕೇರಿದ ಹಾಗೆ ಜೊಳ್ಳು ಒಂದು ಕಡೆ, ಕಾಳು ಇನ್ನೊಂದು ಕಡೆ. ಹೊಗೆಯಿಲ್ಲ. ಆದರೆ ಈ ಯಂತ್ರಕ್ಕೆ ಒಂದು ಹಿಡಿ ವೈರ್ ಸಾಲದು, ಟನ್‌ಗಟ್ಟಲೆ ಬೇಕು.

ಮನೆಗೊಬ್ಬರು ಒಂದೊಂದು ಕೇಬಲ್ ಹಿಡಿದು ಅಲೆಯುವುದರಲ್ಲಿ ಅರ್ಥವಿಲ್ಲ ಅನ್ನುವುದು ಇದಕ್ಕೇ. ಕುವೆಂಪುನಗರದ ಒಂದು ಅಪಾರ್ಟ್‌ಮೆಂಟ್, ಸರಸ್ವತೀಪುರದ ಒಂದು ಹಾಸ್ಟೆಲ್, ಒಂದು ಬಡಾವಣೆ ಸಂಘ ಸೇರಿ ಡಬ್ಬಿಯಿಟ್ಟು ವರ್ಷಕ್ಕೊಮ್ಮೆ ಮೂಟೆ ಕಟ್ಟಿದರೆ ಮರುಬಳಕೆದಾರರಿಗೂ ಲೆಕ್ಕ ಕೂಡುತ್ತದೆ. 2015ರಲ್ಲೂ 2016ರಲ್ಲೂ ದೇಶದ ಸ್ವಚ್ಛ ನಗರಗಳಲ್ಲಿ ಮೊದಲ ಸ್ಥಾನಕ್ಕೆ ನಿಂತ ಊರಿಗೆ ಇದೇನು ಭಾರವೇ? ಅಧಿಕೃತ ಮರುಬಳಕೆದಾರರ ಪಟ್ಟಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಸಿಗುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೇ ಹೊರಿಸಿವೆ. ಗುಜರಿಯವರನ್ನು ಸುಮ್ನೆ ಬೈಯುವುದು ನನಗೆ ಸರಿ ಕಾಣುವುದಿಲ್ಲ. ಮನೆ ಬಾಗಿಲಿಗೆ ಬಂದು ಒಯ್ಯುವವರು ಅವರೇ. ಒಟ್ಟು ಮಾಡಿದ್ದನ್ನು ಸುಡದೆ ಮಾರಲು ಅವರಿಗೊಂದು ಜಾಗ ಬೇಕು, ಅಷ್ಟೆ.

ಡಬ್ಬಿಗೆ ಹಾಕುವ ಮುಂಚೆ ಅಡಾಪ್ಟರಿನ ಬೆನ್ನಿನ ಮೇಲಿನ ಸಣ್ಣ ಅಕ್ಷರ ಓದಿ. ರೂಟರ್ 12 ವೋಲ್ಟ್ ಕೇಳಿದರೆ ಅಡಾಪ್ಟರಿನಲ್ಲೂ 12 ಇರಬೇಕು. ಆಂಪಿಯರ್ ಕೇಳಿದಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು. ಪಿನ್ನಿನ ಅಳತೆ ಮತ್ತು ಪ್ಲಸ್ ಮೈನಸ್ ಗುರುತೂ ಹೊಂದಬೇಕು. ಎಲ್ಲ ಸರಿಯಿದ್ದರೆ ಅದು ಕಸವಲ್ಲ, ಪಕ್ಕದ ಮನೆಯವರಿಗೆ ಬೇಕಾಗಿರಬಹುದು.

ಪವರ್ ಬ್ಯಾಂಕ್, ವೈರಿಲ್ಲದ ಇಯರ್‌ಬಡ್ ಮಾತ್ರ ಈ ಡಬ್ಬಿಗೆ ಬೇಡ. ಒಳಗಿನ ಲಿಥಿಯಂ ಬ್ಯಾಟರಿ ಕತ್ತರಿಸುವ ಯಂತ್ರಕ್ಕೆ ಸಿಕ್ಕರೆ ಅಲ್ಲೇ ಹೊತ್ತಿಕೊಳ್ಳಬಹುದು. ಅವುಗಳ ತುದಿಗೆ ಟೇಪ್ ಸುತ್ತಿ ಬೇರೆ ಡಬ್ಬಿಯಲ್ಲಿಡಿ. ಬ್ಯಾಟರಿಗೆ 2022ರಿಂದ ನಿಯಮಗಳೂ ಬೇರೆಯೇ ಇವೆ.