ಹತ್ತಿರ ಇದ್ದವರೆಲ್ಲ ನೆಂಟರಲ್ಲ

ವರ್ಷಕ್ಕೆ ನಾಲ್ಕೈದು ಸಲವಾದರೂ ಯಾರಾದರೊಬ್ಬರು ನನ್ನ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, ಎರಡು ದೂರದರ್ಶಕಗಳ ಪಟ್ಟಿಗಳಲ್ಲಿನ ಆಕಾಶಕಾಯಗಳನ್ನು ಒಂದಕ್ಕೊಂದು ಹೊಂದಿಸಿ, "ಸಾರ್, ಹತ್ತಿರ ಹತ್ತಿರ ಎಲ್ಲಕ್ಕೂ ಜೋಡಿ ಸಿಕ್ಕಿತು" ಎಂದು ಬೀಗುತ್ತಾರೆ. ಹುಡುಕಿದ ತ್ರಿಜ್ಯ ಎಷ್ಟು ಎಂದರೆ ಹತ್ತು ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್). ನಾನು ಮೊದಲು ಕಾಫಿ ತರಿಸುತ್ತೇನೆ, ಆಮೇಲಿನ ಮಾತು ಕಹಿಯಿರುತ್ತದೆ.

2003ರಲ್ಲಿ ಹಾರಿದ ಗ್ಯಾಲೆಕ್ಸ್ ಉಪಗ್ರಹದ ನೇರಳಾತೀತ ಪಟ್ಟಿಯನ್ನು ನೆಲದ ಮೇಲಿನ ದೂರದರ್ಶಕದಿಂದ ನಡೆದ ಸ್ಲೋನ್ ಸಮೀಕ್ಷೆಯ ದೃಗ್ಗೋಚರ (ಕಣ್ಣಿಗೆ ಕಾಣುವ ಬೆಳಕಿನ) ಪಟ್ಟಿಗೆ ಹೊಂದಿಸುವುದು ಕೆಲಸ. ಗ್ಯಾಲೆಕ್ಸ್ ಕಣ್ಣಿಗೆ ಒಂದು ನಕ್ಷತ್ರ ಸುಮಾರು 5 ಆರ್ಕ್‌ಸೆಕೆಂಡ್ ಅಗಲದ ಮಸುಕು ಚುಕ್ಕೆ. ಸ್ಲೋನ್‌ನಲ್ಲಿ ಅದೇ ನಕ್ಷತ್ರ ಒಂದೂವರೆಗಿಂತ ಕಡಿಮೆ. ಹಾಗಾಗಿ ಒಂದು ನೇರಳಾತೀತ ಚುಕ್ಕೆಯೊಳಗೆ ಎರಡು ಮೂರು ಸ್ಲೋನ್ ಕಾಯಗಳು ಅಡಗಿರಬಹುದು. ಅವುಗಳಲ್ಲಿ ಅತಿ ಹತ್ತಿರದ್ದೇ ಅಸಲಿ ಎಂದು ಯಾವ ಶಾಸ್ತ್ರವೂ ಹೇಳಿಲ್ಲ.

ಜನರಿಗೆ ತಿಳಿಯದಿರುವುದು ತ್ರಿಜ್ಯದ ಲೆಕ್ಕ. ಒಂದು ಚದರ ಡಿಗ್ರಿಯಲ್ಲಿ 1 ಕೋಟಿ 29 ಲಕ್ಷ 60 ಸಾವಿರ ಚದರ ಆರ್ಕ್‌ಸೆಕೆಂಡ್‌ಗಳಿವೆ. ಅಲ್ಲಿ 30,000 ದೃಗ್ಗೋಚರ ಕಾಯಗಳಿವೆ ಎಂದಿಟ್ಟುಕೊಳ್ಳಿ. ಆಕಾಶದ ಯಾವುದೋ ಖಾಲಿ ಬಿಂದುವಿನ ಸುತ್ತ 3 ಆರ್ಕ್‌ಸೆಕೆಂಡ್ ತ್ರಿಜ್ಯದ ವೃತ್ತ ಎಳೆದರೆ ಸಂಬಂಧವೇ ಇಲ್ಲದ ಕಾಯವೊಂದು ಅದರೊಳಗೆ ಬೀಳುವ ಸಾಧ್ಯತೆ ಸುಮಾರು ಶೇ 6. ತ್ರಿಜ್ಯವನ್ನು 10ಕ್ಕೆ ಏರಿಸಿದರೆ ವಿಸ್ತೀರ್ಣ ಹನ್ನೊಂದು ಪಟ್ಟಾಗುತ್ತದೆ. ಸಾಧ್ಯತೆ ಅರ್ಧ ದಾಟುತ್ತದೆ. ಅಂದರೆ ಖಾಲಿ ಜಾಗಕ್ಕೂ ಜೋಡಿ ಸಿಗುತ್ತದೆ! ಗ್ಯಾಲಕ್ಸಿಗಳು ಗುಂಪುಗುಂಪಾಗಿ ಇರುವುದರಿಂದ ನಿಜವಾದ ಅಂಕಿ ಆಚೀಚೆ ಆದೀತು, ಕ್ಷೀರಪಥದ ಸಮತಲದ ಹತ್ತಿರ ಇನ್ನೂ ಕೆಟ್ಟೀತು.

ನಂಬಿಕೆ ಬಾರದಿದ್ದರೆ ಸುಲಭದ ಪರೀಕ್ಷೆಯಿದೆ. ನೇರಳಾತೀತ ಪಟ್ಟಿಯ ನಿರ್ದೇಶಾಂಕಗಳನ್ನೆಲ್ಲ ಒಂದೆರಡು ಆರ್ಕ್‌ಮಿನಿಟ್ (60 ಆರ್ಕ್‌ಸೆಕೆಂಡ್‌ಗೆ ಒಂದು) ಪಕ್ಕಕ್ಕೆ ಸರಿಸಿ ಮತ್ತೆ ಹೊಂದಿಸಿ. ಆಗ ಸಿಕ್ಕುವ ಜೋಡಿಗಳೆಲ್ಲ ಬಹುಮಟ್ಟಿಗೆ ಕಾಕತಾಳೀಯ.

ಬಿಸಿ ಶ್ವೇತಕುಬ್ಜಗಳನ್ನು (ಇಂಧನ ಮುಗಿದು ಕುಗ್ಗಿದ ನಕ್ಷತ್ರಗಳ ತಿರುಳು) ಹುಡುಕುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ವಿಪರೀತ ನೀಲಿಯಾದ ನಲವತ್ತು ಕಾಯಗಳನ್ನು ಹಿಡಿದುಕೊಂಡು ಬಂದಳು. ಹೊಸ ಬಗೆಯ ನಕ್ಷತ್ರಗಳೇ ಇರಬೇಕು ಎಂಬ ಆಸೆ ಮುಖದಲ್ಲೇ ಕಾಣುತ್ತಿತ್ತು. ಆದರೆ ನೇರಳಾತೀತ ಬೆಳಕು ಒಬ್ಬರದು, ಮಂಕು ದೃಗ್ಗೋಚರ ಬೆಳಕು ಪಕ್ಕದ ಮನೆಯವರದು. ಎರಡನ್ನೂ ಒಂದೇ ಸಾಲಿಗೆ ಹಾಕಿದರೆ ಇಂಥ ಬಣ್ಣ ತಾನಾಗಿ ಹುಟ್ಟುತ್ತದೆ. ಅಪರೂಪದ್ದನ್ನು ಎಣಿಸುವವರಿಗೆ ಇದು ಹೆಚ್ಚು ಅಪಾಯ, ಏಕೆಂದರೆ ಸುಳ್ಳು ಜೋಡಿಗಳು ಬಂದು ಕೂರುವುದು ಆ ಅಪರೂಪದ ಮೂಲೆಯಲ್ಲೇ.

ಇನ್ನೊಂದು ಮಾತು, ಬೇಗ ಮುಗಿಸುತ್ತೇನೆ. ಗ್ಯಾಲೆಕ್ಸ್‌ನ ದೂರ-ನೇರಳಾತೀತ ಸಂವೇದಕ 2009ರಲ್ಲಿ ನಿಂತುಹೋಯಿತು. ಆಮೇಲಿನ ಚಿತ್ರಗಳಿಂದ ಮಾಡಿದ ಪಟ್ಟಿಯಲ್ಲಿ ದೂರ-ನೇರಳಾತೀತದ ಅಂಕಣ ಖಾಲಿಯಿದ್ದರೆ ಕಾಯ ತಣ್ಣಗಿದೆ ಎಂದಲ್ಲ, ಯಾರೂ ನೋಡಿಲ್ಲ ಎಂದು.

ಹೊಸಕೋಟೆಯಲ್ಲಿ ಜೋಡಣೆಯಾಗಿ 2015ರಲ್ಲಿ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಜೊತೆ ಹೋದ ನಮ್ಮ ನೇರಳಾತೀತ ದೂರದರ್ಶಕ ಯುವಿಐಟಿಯ ಕಣ್ಣು ಇದಕ್ಕಿಂತ ಬಹಳ ಚುರುಕು, ಒಂದೂವರೆ ಆರ್ಕ್‌ಸೆಕೆಂಡ್‌ವರೆಗೂ ಬಿಡಿಸಿ ತೋರಿಸುತ್ತದೆ. ಆದರೆ ಒಮ್ಮೆಗೆ ನೋಡುವುದು 28 ಆರ್ಕ್‌ಮಿನಿಟ್ ಅಗಲದ ತುಣುಕು. ವಿಶಾಲ ಆಕಾಶದ ಎಣಿಕೆಗೆ 2013ರಲ್ಲಿ ಕೆಲಸ ನಿಲ್ಲಿಸಿದ ಗ್ಯಾಲೆಕ್ಸ್‌ನ ಪಟ್ಟಿಯೇ ಗತಿ.

ಆ ಹುಡುಗಿ 3 ಆರ್ಕ್‌ಸೆಕೆಂಡ್ ಇಟ್ಟು, ಪಟ್ಟಿ ಸರಿಸಿ, ಎರಡೆರಡು ಜೋಡಿ ಇದ್ದವನ್ನು ಬೇರೆ ಕಟ್ಟಿಟ್ಟು ವಾರದ ಬಳಿಕ ಬಂದಳು. ನಲವತ್ತರಲ್ಲಿ ಉಳಿದದ್ದು ಆರು. ಕಾಫಿ ಈ ಸಲ ಅವಳೇ ತಂದಿದ್ದಳು.