ಪಾದದಿಂದ ಮೇಲೇರುವ ಜೋಮು

ಬ್ಯಾಡಗಿಯಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆ ಕಾಲು ಜೋಮು ಹಿಡಿಯುವುದು ಹೊಸದಲ್ಲ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಬಿಡುತ್ತದೆ. ನನಗೆ ಭಯವಿರುವುದು ಬಿಡದ ಜೋಮಿನ ಬಗ್ಗೆ. ಅದು ಎರಡೂ ಪಾದಗಳಲ್ಲಿ ಶುರುವಾಗಿ ದಿನದಿಂದ ದಿನಕ್ಕೆ ಮೇಲೇರುತ್ತದೆ. ಕಾಲಿನಿಂದ ಚಪ್ಪಲಿ ಜಾರುತ್ತದೆ, ನೆಲದಿಂದ ಏಳಲು ಗೋಡೆ ಹಿಡಿಯಬೇಕಾಗುತ್ತದೆ, ರೊಟ್ಟಿ ಬಡಿಯುವ ಕೈ ಸೋಲುತ್ತದೆ.

ಇದು ಗಿಯಾನ್-ಬಾರೆ ಸಿಂಡ್ರೋಮ್ (ಜಿಬಿಎಸ್) ಎಂಬ ನರಗಳ ಕಾಯಿಲೆ ಇರಬಹುದು. 2025ರ ಆರಂಭದಲ್ಲಿ ಪುಣೆಯಲ್ಲಿ ಹಲವರನ್ನು ಒಮ್ಮೆಗೇ ಕಾಡಿದಾಗ ಜಿಬಿಎಸ್ ಎಂಬ ಹೆಸರು ನಮ್ಮ ಪತ್ರಿಕೆಗಳಲ್ಲೂ ಬಂದಿತ್ತು. ವರ್ಷಕ್ಕೆ ಲಕ್ಷಕ್ಕೆ ಒಬ್ಬಿಬ್ಬರಿಗೆ ಬರುವ ಕಾಯಿಲೆ. ಅಪರೂಪವಾದ್ದರಿಂದಲೇ ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ.

ರೋಗಿಯನ್ನು ಕೇಳಿ ನೋಡಿ: ಎರಡು ಮೂರು ವಾರದ ಹಿಂದೆ ಭೇದಿಯೋ ಜ್ವರ, ಕೆಮ್ಮೋ ಬಂದಿತ್ತೇ? ಬಹಳ ಮಂದಿ ಹೌದು ಎನ್ನುತ್ತಾರೆ. ಭೇದಿ ತರುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಮೈಮೇಲಿನ ಕೆಲವು ಅಣುಗಳು ನಮ್ಮ ನರಗಳ ಅಣುಗಳನ್ನೇ ಹೋಲುತ್ತವೆ. ಶತ್ರುವನ್ನು ಹೊಡೆಯಲು ಹುಟ್ಟಿದ ಪ್ರತಿಕಾಯಗಳು ಗುರುತು ತಪ್ಪಿ ನರದ ಹೊದಿಕೆಯನ್ನೇ, ಕೆಲವೊಮ್ಮೆ ನರದ ಎಳೆಯನ್ನೇ ಹೊಡೆಯುತ್ತವೆ. ಉರಿಯೂತದಿಂದ ಹೊದಿಕೆ ಕೆಟ್ಟ ನರದಲ್ಲಿ ಮಿದುಳಿನ ಆಜ್ಞೆ ನಡುದಾರಿಯಲ್ಲೇ ನಿಲ್ಲುತ್ತದೆ.

ಸಕ್ಕರೆ ಕಾಯಿಲೆಯ ಜೋಮು ಬೆಳೆಯಲು ತಿಂಗಳು, ವರ್ಷಗಳು ಬೇಕು. ಪಾರ್ಶ್ವವಾಯು ಸಾಮಾನ್ಯವಾಗಿ ಒಂದೇ ಮಗ್ಗುಲನ್ನು ಹಿಡಿಯುತ್ತದೆ. ಇದು ಎರಡೂ ಕಡೆ ಸಮನಾಗಿ, ದಿನಗಳ ಲೆಕ್ಕದಲ್ಲಿ ಏರುತ್ತದೆ. ವೈದ್ಯರು ಮಂಡಿಯ ಕೆಳಗೆ ಸುತ್ತಿಗೆ ತಟ್ಟಿದರೆ ಕಾಲು ಜಿಗಿಯುವುದಿಲ್ಲ. ಕೆಲವರಿಗೆ ಮೊದಲು ಬರುವುದು ಬೆನ್ನುನೋವು. ಆಗ ಎಣ್ಣೆ ತಿಕ್ಕಿಸಿ, ‘ನರದೌರ್ಬಲ್ಯ’ಕ್ಕೆಂದು ವಿಟಮಿನ್ ಚುಚ್ಚುಮದ್ದು ಹಾಕಿಸಿ ನಾಲ್ಕು ದಿನ ಕಾಯುತ್ತೇವೆ. ಆ ನಾಲ್ಕು ದಿನಗಳೇ ದುಬಾರಿ.

ಏಕೆಂದರೆ ನಾಲ್ಕೈದು ರೋಗಿಗಳಲ್ಲಿ ಒಬ್ಬರಿಗೆ ಉಸಿರಾಟದ ಸ್ನಾಯುಗಳೂ ಸೋತು ವೆಂಟಿಲೇಟರ್ ಬೇಕಾಗುತ್ತದೆ. ನುಂಗುವಾಗ ನೀರು ನೆತ್ತಿಗೇರಿದರೆ, ಮುಖ ಸಡಿಲಾದರೆ, ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಲಾಗದಿದ್ದರೆ ಗಂಟೆಯೂ ಕಾಯಬಾರದು. ಹಾವೇರಿಯಾಗಲಿ ಗದಗವಾಗಲಿ, 108ಕ್ಕೆ ಕರೆ ಮಾಡಿ ತೀವ್ರ ನಿಗಾ ಘಟಕ ಮತ್ತು ನರರೋಗ ತಜ್ಞರಿರುವ ಆಸ್ಪತ್ರೆಗೆ ಹೊರಡಬೇಕು. ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ಅಥವಾ ಪ್ಲಾಸ್ಮಾ ಬದಲಾವಣೆಯ (ರಕ್ತದ ದ್ರವಭಾಗ ತೆಗೆದು ಬೇರೆ ದ್ರವ ತುಂಬುವ) ಚಿಕಿತ್ಸೆಯಿಂದ ಹೆಚ್ಚು ಫಲ ಸಿಗುವುದು ಮೊದಲ ಎರಡು ವಾರಗಳಲ್ಲಿ.

ಹೆಚ್ಚಿನವರು ಆರು ತಿಂಗಳೊಳಗೆ ಮತ್ತೆ ನಡೆಯುತ್ತಾರೆ. ನರದ ಹೊದಿಕೆ ನಿಧಾನವಾಗಿ ಹೊಸದಾಗಿ ಬೆಳೆಯುತ್ತದೆ; ಮೊದಲು ಸೋತ ಪಾದಗಳಿಗೆ ಬಲ ಸಾಮಾನ್ಯವಾಗಿ ಕೊನೆಗೆ ಬರುತ್ತದೆ.