ಚಂಡಮಾರುತ: ಪರೀಕ್ಷೆಯ ಉತ್ತರದಲ್ಲಿ ನೀರನ್ನು ಮರೆಯಬೇಡಿ

‘ಚಂಡಮಾರುತ ಕರಾವಳಿಯಲ್ಲಿ ಅಷ್ಟೊಂದು ಜನರನ್ನು ಬಲಿ ತೆಗೆದುಕೊಳ್ಳುವುದು ಹೇಗೆ?’ ಎಂಬ ಪ್ರಶ್ನೆ ಬರುವ ಈ ಪಾಠ ಮೊದಲ ಸಲ ಓದಿದಾಗ ನಾನು ಗಾಳಿಯ ವೇಗವನ್ನಷ್ಟೇ ಉರು ಹೊಡೆದಿದ್ದೆ. ಒಡಿಶಾ, 1999ರ ಅಕ್ಟೋಬರ್ 29, ಗಂಟೆಗೆ ಸುಮಾರು 260 ಕಿ.ಮೀ., ಮುಗೀತು. ಅಂದು ಸತ್ತವರು ಸುಮಾರು 10,000 ಮಂದಿ. ಹೆಚ್ಚಿನವರನ್ನು ಬಲಿ ತೆಗೆದುಕೊಂಡದ್ದು ಊರೊಳಗೆ ನುಗ್ಗಿದ ಸಮುದ್ರ. ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಕಡೆ ನೀರು 5-6 ಮೀಟರ್ ಏರಿತ್ತು, ಹೆಚ್ಚುಕಡಿಮೆ ಎರಡಂತಸ್ತಿನ ಮನೆಯಷ್ಟು.

ಇಷ್ಟು ನೀರು ಬಂದದ್ದೆಲ್ಲಿಂದ? ಸಮುದ್ರದ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೆ ಆವಿ ಧಾರಾಳವಾಗಿ ಮೇಲೇಳುತ್ತದೆ. ಅದು ಮೋಡವಾಗುವಾಗ ಬಿಡುವ ಗುಪ್ತೋಷ್ಣವೇ, ಅಂದರೆ ಆವಿಯೊಳಗೆ ಅಡಗಿದ್ದ ಶಾಖವೇ, ಚಂಡಮಾರುತದ ಉರುವಲು. ನಡುವೆ ವಾಯುಭಾರ ಕುಸಿದು, ಸಮುದ್ರ ಅಲ್ಲಿ ಉಬ್ಬುತ್ತದೆ.

ಇಲ್ಲೊಂದು ಸಣ್ಣ ಲೆಕ್ಕ. ವಾಯುಭಾರ 1 ಹೆಕ್ಟೊಪಾಸ್ಕಲ್ (ವಾಯುಭಾರ ಅಳೆಯುವ ಮಾನ) ಇಳಿದರೆ ನೀರು ಅಂದಾಜು 1 ಸೆಂ.ಮೀ. ಏರುತ್ತದೆ. 1999ರಲ್ಲಿ ಕೇಂದ್ರದ ಒತ್ತಡ 912ಕ್ಕೆ ಇಳಿದಿತ್ತು. ಸುತ್ತ 1010 ಇತ್ತೆಂದುಕೊಳ್ಳಿ. ವ್ಯತ್ಯಾಸ 98, ಅಂದರೆ ಬರೀ 1 ಮೀಟರ್! ಉಳಿದದ್ದು ಗಾಳಿಯ ಕೆಲಸ. ಅದು ನೀರನ್ನು ದಡಕ್ಕೆ ದಬ್ಬುತ್ತಲೇ ಇರುತ್ತದೆ, ಬಂಗಾಳ ಕೊಲ್ಲಿಯ ಉತ್ತರ ಭಾಗ ಆಳವಿಲ್ಲದ್ದು, ಮೇಲಾಗಿ ಆಲಿಕೆಯ ಹಾಗೆ ಕಿರಿದಾಗುತ್ತದೆ. ನೀರಿಗೆ ಹೋಗಲು ಜಾಗವಿಲ್ಲದೆ ನೆಲದ ಮೇಲೇರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರವೂ ಕೂಡಿಬಿಟ್ಟರೆ ಕೇಳುವುದೇ ಬೇಡ.

ನಕ್ಷೆ ಬರೆಯುವಾಗ ಎಡವುವ ಜಾಗ ಇದು: ಉತ್ತರಾರ್ಧಗೋಳದಲ್ಲಿ ಸುಳಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಪೆನ್ಸಿಲಿನಲ್ಲಿ ಬಾಣ ಎಳೆದು ನೋಡಿ, ಚಂಡಮಾರುತ ಸಾಗುವ ದಾರಿಯ ಬಲಗಡೆ ಗಾಳಿ ದಡದತ್ತ ಬೀಸುತ್ತದೆ. ನುಗ್ಗುವ ನೀರಿನ ಹೊಡೆತ ಅಲ್ಲೇ ಜಾಸ್ತಿ.

1999ರಲ್ಲಿ ಒಡಿಶಾದ ಕೇಂದ್ರಪಾಡ ಜಿಲ್ಲೆಯಲ್ಲಿ ಕಾಂಡ್ಲಾ (ಉಪ್ಪುನೀರಿನ ದಡದಲ್ಲಿ ಬೆಳೆಯುವ ಮ್ಯಾಂಗ್ರೋವ್) ಕಾಡಿನ ಪಟ್ಟಿ ಅಗಲವಾಗಿದ್ದ ಊರುಗಳಲ್ಲಿ ಸಾವು ಕಡಿಮೆ ಇತ್ತು. 2013ರ ಫೈಲಿನ್ ಚಂಡಮಾರುತ ಒಡಿಶಾದ ಗೋಪಾಲಪುರದ ಬಳಿ ಅಪ್ಪಳಿಸಿದಾಗಂತೂ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಸತ್ತವರ ಸಂಖ್ಯೆ ನೂರು ದಾಟಲಿಲ್ಲ. ಆಶ್ರಯ ಕಟ್ಟಡಗಳನ್ನು ಕಂಬಗಳ ಮೇಲೆ ಎತ್ತರಿಸಿ ಕಟ್ಟುವುದೇಕೆ ಎಂದು ಈಗ ಹೊಳೆದಿರಬೇಕು.

ನಮ್ಮ ಕರಾವಳಿಯನ್ನೂ ಇದೇ ಉತ್ತರಕ್ಕೆ ತುರುಕಬೇಡಿ. ಅರಬ್ಬಿ ಸಮುದ್ರದ ಚಂಡಮಾರುತಗಳು ಹೆಚ್ಚಾಗಿ ನಮ್ಮಿಂದ ದೂರ ಸಾಗುತ್ತವೆ. 2021ರ ತೌಕ್ತೆ ಕೂಡ ದಡದುದ್ದಕ್ಕೂ ಉತ್ತರಕ್ಕೆ ಹೋಗಿ ಗುಜರಾತಿನಲ್ಲಿ ನೆಲ ಮುಟ್ಟಿತು. ಉಳ್ಳಾಲದವರನ್ನು ಕೇಳಿದರೆ ಅವರು ಹೇಳುವುದು ಮಳೆಗಾಲದ ಕಡಲ್ಕೊರೆತದ ಕಥೆ. ಅದು ಬೇರೆ ಪ್ರಶ್ನೆ.

ಕೊನೆಗೊಂದು ಅಂಶ, ಬಹಳ ಮಂದಿ ಬಿಡುವುದು: ನೀರು ಇಳಿದರೂ ಉಪ್ಪು ಇಳಿಯುವುದಿಲ್ಲ. ಬಾವಿ ಸಪ್ಪೆಯಾಗಲು, ಗದ್ದೆ ಮತ್ತೆ ಭತ್ತ ಹಿಡಿಯಲು ಒಳ್ಳೆಯ ಮಳೆಗೆ ಕಾಯಬೇಕು.